ಸಾಯುವುದಕ್ಕೂ ಇಂಗ್ಲಿಷ್ ಕಲಿತಿರಬೇಕೇ?

ತಮ್ಮಂದಿರೇ, ತಂಗಿಯರೇ, ಬೆಂಗಳೂರು ಮೈಸೂರಿನ ಅಂಗಡಿ ಬೋರ್ಡುಗಳ ಮುಂದೆ ನಿಂತು ಗಂಟಲು ಹರಿದುಕೊಂಡವರು ನೀವು. ಶೇಕಡ 60ರಷ್ಟು ಕನ್ನಡ ಇರಲೇಬೇಕೆಂದು 2023ರ ಡಿಸೆಂಬರಿನಲ್ಲಿ ಬೀದಿಗಿಳಿದಿರಿ. ಲಾಠಿ ಏಟು ತಿಂದಿರಿ, ಜೈಲು ಕಂಡಿರಿ. 2024ರ ಫೆಬ್ರುವರಿಯಲ್ಲಿ ವಿಧಾನಮಂಡಲ ಒಪ್ಪಿತು. ಇವತ್ತು ಬಟ್ಟೆ ಅಂಗಡಿ, ಕಾಫಿ ಅಂಗಡಿ, ಕ್ಷೌರದಂಗಡಿಯ ಹಣೆಯ ಮೇಲೆ ಕನ್ನಡ ಕೂತಿದೆ. ಸಂತೋಷ. ಈಗ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಲ್ಲಿ ಪ್ರೆಸ್ಸು ಇಟ್ಟುಕೊಂಡಿರುವ ನನ್ನದೊಂದು ಪ್ರಶ್ನೆ ಇದೆ. ನಿಂತಿರುವ ಬೋರ್ಡಿಗೆ ಕನ್ನಡ ಬರೆಸಿದಿರಿ. ಓಡಾಡುವ ಬೋರ್ಡಿನ ಗತಿ ಏನು?

ಯಾವ ಓಡಾಡುವ ಬೋರ್ಡು ಅಂತೀರಾ? ಹುಣಸೂರಿನಿಂದ ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರದ ಮೇಲೆ ಮಡಿಕೇರಿಗೆ ಹೋಗುವ ಹೆದ್ದಾರಿ 275ರಲ್ಲಿ ಒಂದು ಬೆಳಗ್ಗೆ ಸುಮ್ಮನೆ ನಿಂತು ನೋಡಿ. ಪೆಟ್ರೋಲು ಟ್ಯಾಂಕರ್, ಗ್ಯಾಸ್ ಲಾರಿ, ಕ್ವಾರಿಗೆ ಹೋಗುವ ಸಿಡಿಮದ್ದಿನ ವ್ಯಾನು, ಒಮ್ಮೊಮ್ಮೆ ಬಂದೂಕಿನ ತೋಟಾ ಪೆಟ್ಟಿಗೆ. ಅವುಗಳ ಬೆನ್ನ ಮೇಲೂ ಪಕ್ಕೆಗಳ ಮೇಲೂ ಒಂದು ಚೌಕದ ಬೋರ್ಡು ಇರುತ್ತದೆ. ಇರಬೇಕು. ಆ ಬೋರ್ಡಿನ ಕೆಲಸ ಒಂದೇ: ಇದರೊಳಗೆ ಪ್ರಾಣ ತೆಗೆಯುವ ಮಾಲು ಇದೆ, ಹತ್ತಿರ ಬರಬೇಡ ಎಂದು ದಾರಿಹೋಕನಿಗೆ ಹೇಳುವುದು. ಆ ಮಾತನ್ನು ಯಾವ ಭಾಷೆಯಲ್ಲಿ ಹೇಳುತ್ತಾರೆ? ಇಂಗ್ಲಿಷಿನಲ್ಲಿ. ಕೆಲವದರ ಮೇಲೆ ಹಿಂದಿಯಲ್ಲಿ. ನಮ್ಮೂರಿನ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಬೆಂಕಿ ಕಾಯುವ ಮುದುಕನಿಗೆ, ಎಮ್ಮೆ ಹೊಡೆದುಕೊಂಡು ರಸ್ತೆ ದಾಟುವ ಅಜ್ಜಿಗೆ, ಸರ್ಕಾರಿ ಶಾಲೆಯ ಮಗುವಿಗೆ ಸಾವಿನ ಸುದ್ದಿ ಇಂಗ್ಲಿಷಿನಲ್ಲಿ!

ನಾನು ಈ ವಿಷಯಕ್ಕೆ ಬಂದದ್ದು ಪುಸ್ತಕ ಓದಿ ಅಲ್ಲ. ಪಿಯುಸಿಗೆ ನಿಲ್ಲಿಸಿದ ಓದು ನನ್ನದು. ಒಬ್ಬ ಲಾರಿ ಮಾಲೀಕರ ಕಡೆಯ ಹುಡುಗ ಫೋನಿನಲ್ಲಿ ಫೋಟೋ ತೋರಿಸಿ, "ಅಣ್ಣಾ, ಇದೇ ಥರ ಮೂರು ಸ್ಟಿಕರ್ ಹೊಡೆದುಕೊಡಿ" ಅಂದ. ಅಪಾಯದ ಮಾಲಿನ ಬೋರ್ಡು ಅದು. ಅಕ್ಷರ ಕೂರಿಸಿದೆ. ಕೂರಿಸುತ್ತಾ ಕೂರಿಸುತ್ತಾ ಅನ್ನಿಸಿತು, ಇದನ್ನು ನಮ್ಮೂರಲ್ಲಿ ಯಾರು ಓದುತ್ತಾರೆ? ನನ್ನ ಪಾಡಿಗೆ ನಾನು ಕೆಳಗೆ ಒಂದು ಸಾಲು ಕನ್ನಡ ಸೇರಿಸಿದೆ: "ಬೆಂಕಿ ಹೊತ್ತುವ ಮಾಲು – ದೂರ ಇರಿ". ಅದಕ್ಕೆ ಕಾಸು ಕೇಳಲಿಲ್ಲ. ಹದಿನೈದು ದಿನ ಆಗಿರಬಹುದು, ಹುಡುಗ ವಾಪಸು ಬಂದ. ಎಲ್ಲೋ ತಪಾಸಣೆಯಲ್ಲಿ ಒಬ್ಬರು "ಇದೆಲ್ಲಾ ಯಾಕೆ ಬರೆಸಿದ್ದೀಯ, ಮಾದರಿಯಲ್ಲಿ ಇಲ್ಲ" ಅಂದರಂತೆ. ಮಾಲೀಕರು ಆ ಸಾಲನ್ನು ಬ್ಲೇಡಿನಲ್ಲಿ ಕೆರೆಸಿಹಾಕಿದ್ದರು. ಕನ್ನಡ ಕೆರೆದ ಜಾಗದಲ್ಲಿ ಬಿಳಿ ಗಾಯ. ಆವತ್ತು ನನ್ನ ಹೊಟ್ಟೆಯಲ್ಲಿ ಎದ್ದ ಉರಿ ಇನ್ನೂ ಆರಿಲ್ಲ. ಅದಕ್ಕೇ ನಿಯಮದ ಪುಸ್ತಕ ಹಿಡಿದು ಕೂತೆ.

ನಿಯಮ ಏನನ್ನುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 129ರಿಂದ 137ರವರೆಗೆ ಅಪಾಯಕಾರಿ ಸರಕಿನ ಮಾತು ಬರುತ್ತದೆ. 134ನೇ ನಿಯಮ ಬೋರ್ಡಿನದು. ಲಾರಿಯ ಎರಡು ಪಕ್ಕ, ಒಂದು ಹಿಂಭಾಗ, ಒಟ್ಟು ಮೂರು ಕಡೆ ತುರ್ತು ಮಾಹಿತಿ ಫಲಕ ಇರಬೇಕು. ಸರಕಿನ ಸರಿಯಾದ ತಾಂತ್ರಿಕ ಹೆಸರು 50 ಮಿಲಿಮೀಟರಿಗೆ ಕಡಿಮೆಯಿಲ್ಲದ ಅಕ್ಷರದಲ್ಲಿ, ವಿಶ್ವಸಂಸ್ಥೆಯ ವರ್ಗದ ಅಂಕಿ 100 ಮಿಲಿಮೀಟರ್ ಎತ್ತರದಲ್ಲಿ, ವರ್ಗದ ಚಿಹ್ನೆ 250 ಮಿಲಿಮೀಟರ್ ಚೌಕದಲ್ಲಿ. ಬೆಂಕಿ ಬಿದ್ದರೆ, ಅಪಘಾತ ಆದರೆ ಯಾರಿಗೆ ಫೋನು ಮಾಡಬೇಕು ಎಂಬುದು ಮತ್ತೆ 50 ಮಿಲಿಮೀಟರಿನಲ್ಲಿ. ಎಷ್ಟು ಕಾಳಜಿ ನೋಡಿ! ಮಿಲಿಮೀಟರ್ ಲೆಕ್ಕ ಹಾಕಿದ ಮಹಾಶಯರು ಒಂದನ್ನು ಮಾತ್ರ ಬರೆಯಲಿಲ್ಲ. ಯಾವ ಭಾಷೆಯಲ್ಲಿ ಎಂದು!

ಮರೆತರು ಅನ್ನೋಣವೇ? ಅದೇ ಪುಸ್ತಕದ 50ನೇ ನಿಯಮ ತೆರೆಯಿರಿ. ನಂಬರ್ ಪ್ಲೇಟಿನ ಅಕ್ಷರ ಇಂಗ್ಲಿಷಿನಲ್ಲೇ ಇರಬೇಕು, ಅಂಕಿ ಅರಬ್ಬೀ ಅಂಕಿಯೇ ಆಗಬೇಕು ಎಂದು ಹೆಸರು ಹಿಡಿದು ಬರೆದಿದೆ. ಕನ್ನಡ ಅಂಕಿ ಹಾಕಿಸಿದ ನಮ್ಮ ಹುಡುಗರು ದಂಡ ಕಟ್ಟಿದ್ದು ಇದೇ ನಿಯಮದಿಂದ. 9ನೇ ನಿಯಮ ತೆರೆಯಿರಿ. ಅಪಾಯದ ಮಾಲು ಸಾಗಿಸುವ ಡ್ರೈವರನಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಲು ಬರೆಯಲು ಬರಬೇಕು. ಮೇಲೆ ತರಬೇತಿಯ ಸರ್ಟಿಫಿಕೇಟು ಬೇರೆ. ಅಂದರೆ ಬೋರ್ಡು ಓದಬೇಕಾದರೆ ಭಾಷೆ ಬೇಕು ಎಂಬುದು ಇವರಿಗೆ ಚೆನ್ನಾಗಿ ಗೊತ್ತು! ಡ್ರೈವರನಿಗೆ ಪರೀಕ್ಷೆ ಇಟ್ಟರು. ಆ ಲಾರಿ ನಮ್ಮ ಮನೆ ಮುಂದೆ ಮಗುಚಿದಾಗ ಸುತ್ತ ನೆರೆಯುವ ಇನ್ನೂರು ಜನಕ್ಕೆ ಯಾವ ಪರೀಕ್ಷೆ ಇಟ್ಟಿದ್ದಾರೆ ಸ್ವಾಮಿ?

ಆಗುವುದಿಲ್ಲ, ಕಷ್ಟ, ಅಂತಾರೆ. ಆಗುತ್ತದೆ. ಕ್ರಿಮಿನಾಶಕದ ಡಬ್ಬಿ ನೋಡಿ. 1971ರ ಕೀಟನಾಶಕ ನಿಯಮಗಳಲ್ಲಿ ಚೀಟಿಯೂ ಕರಪತ್ರವೂ ಹಿಂದಿ, ಇಂಗ್ಲಿಷ್ ಜೊತೆಗೆ ಮಾಲು ಮಾರಾಟವಾಗುವ ಪ್ರದೇಶದ ಒಂದೋ ಎರಡೋ ಭಾಷೆಯಲ್ಲಿ ಇರಬೇಕೆಂದು ಐವತ್ತು ವರ್ಷದ ಕೆಳಗೇ ಬರೆದಿದ್ದಾರೆ. ಬರೆದವರು ಇದೇ ದಿಲ್ಲಿಯವರು. (ಹಿಂದಿ ಎಲ್ಲ ಕಡೆ ಕಡ್ಡಾಯ ಯಾಕೆ ಎಂಬುದು ಬೇರೆ ಜಗಳ, ಇನ್ನೊಂದು ಸಂಚಿಕೆಗೆ ಇರಲಿ. ಕನ್ನಡವನ್ನು ಓದಲು ಭೂತಗನ್ನಡಿ ಬೇಕು ಎಂಬುದೂ ಬೇರೆ ಜಗಳ.) ಹೊಗೆಸೊಪ್ಪಿಗೆ ಹೊಡೆಯುವ ಅರ್ಧ ಲೀಟರ್ ವಿಷಕ್ಕೆ ಕನ್ನಡ ಬೇಕು, ಟನ್ನುಗಟ್ಟಲೆ ಸಿಡಿಮದ್ದಿಗೆ ಬೇಡ. ಇದು ಯಾವ ನ್ಯಾಯ?

ತೋಟಾ ಪೆಟ್ಟಿಗೆಯ ಕಥೆ

ಈಗ ಬಂದೂಕಿನ ತೋಟಾಗೆ ಬರುತ್ತೇನೆ. ನಮ್ಮ ತಾಲ್ಲೂಕು ಕೊಡಗಿನ ಹೊಸ್ತಿಲು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಕೇಂದ್ರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಜನ ಅವರು. ಅದು ಅವರ ಹಕ್ಕು, ಅದರ ಬಗ್ಗೆ ನನ್ನ ತಕರಾರು ಇಲ್ಲ. ಕಾಡಂಚಿನ ಎಚ್.ಡಿ. ಕೋಟೆ, ಹುಣಸೂರು ಕಡೆ ಬೆಳೆ ಕಾಯಲು ಲೈಸೆನ್ಸ್ ಬಂದೂಕು ಇಟ್ಟುಕೊಂಡ ರೈತರೂ ಇದ್ದಾರೆ. ಬಂದೂಕು ಇದ್ದಮೇಲೆ ತೋಟಾ ಬೇಕು. ತೋಟಾ ಹಾರಿ ಬರುವುದಿಲ್ಲ, ರಸ್ತೆಯಲ್ಲೇ ಬರುತ್ತದೆ.

ಇಲ್ಲಿ ನಾನು ಸತ್ಯವನ್ನೇ ಹೇಳಬೇಕು. ಹೆದರಿಸಿ ಪತ್ರಿಕೆ ಮಾರುವುದು ನನಗೆ ಬೇಡ. ತೋಟಾ ಪೆಟ್ಟಿಗೆಗೆ ಬೆಂಕಿ ಬಿದ್ದರೆ ಸಿನಿಮಾದಲ್ಲಿ ತೋರಿಸುವಂತೆ ಊರೆಲ್ಲಾ ಗುಂಡಿನ ಮಳೆ ಸುರಿಯುವುದಿಲ್ಲ. ನಳಿಗೆಯೊಳಗೆ ಇಲ್ಲದ ತೋಟಾ ಸಿಡಿದಾಗ ಗುಂಡಿಗೆ ಆ ವೇಗ ಸಿಗುವುದಿಲ್ಲ. ಕವಚ ಒಡೆದು ಪಟಪಟ ಸದ್ದಾಗಿ ಚೂರುಗಳು ಹತ್ತಿರದಲ್ಲೇ ಬೀಳುತ್ತವೆ. ಅದಕ್ಕೇ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಸಣ್ಣ ಬಂದೂಕಿನ ತೋಟಾಗೆ 1.4ಎಸ್ ಎಂಬ ದರ್ಜೆ, ಯುಎನ್ 0012 ಎಂಬ ಸಂಖ್ಯೆ. ಸ್ಫೋಟಕಗಳ ಪೈಕಿ ಸಾಧು ಪ್ರಾಣಿ. ಕ್ರಮದಂತೆ ಸಣ್ಣ ಪೆಟ್ಟಿಗೆಯಲ್ಲಿ ಕಟ್ಟಿದ ಬೇಟೆ ತೋಟಾಗಳಿಗೆ ಅಮೆರಿಕದಲ್ಲಿ ಲಾರಿಯ ಹೊರಗೆ ಫಲಕ ಬೇಡ ಎಂಬ ವಿನಾಯಿತಿಯೇ ಇದೆ. ಅಲ್ಲಿನ ಅಗ್ನಿಶಾಮಕದವರು ಬಳಸುವ ಕೈಪಿಡಿಯಲ್ಲಿ 1.4ಎಸ್ ಮಾಲಿನತ್ತ ಬೆಂಕಿ ಬರುತ್ತಿದ್ದರೆ ಸುತ್ತ 15 ಮೀಟರ್ ಜಾಗ ಖಾಲಿ ಮಾಡಿಸಿ ಎಂದಿದೆ. ಅದೇ ಕೈಪಿಡಿಯಲ್ಲಿ ಕ್ವಾರಿಯ ಸಿಡಿಮದ್ದಿನಂಥ 1.1 ದರ್ಜೆಯ ಮಾಲಿನ ಲಾರಿಗೆ ಬೆಂಕಿ ಬಿದ್ದರೆ? 1,600 ಮೀಟರ್! ಒಂದೂವರೆ ಕಿಲೋಮೀಟರಿಗೂ ಹೆಚ್ಚು!

ಎರಡೂ ಲಾರಿಯ ಮೇಲೆ ಕಿತ್ತಳೆ ಬಣ್ಣದ ಚೌಕ. ಒಂದರ ಮುಂದೆ ಹದಿನೈದು ಮೀಟರ್ ಸರಿದರೆ ಸಾಕು. ಇನ್ನೊಂದಕ್ಕೆ ಊರನ್ನೇ ಖಾಲಿ ಮಾಡಬೇಕು. ಈ ವ್ಯತ್ಯಾಸವನ್ನು ಹೇಳುವುದು ಏನು? ಒಂದು ದಶಾಂಶದ ಅಂಕಿ, ಎರಡು ಇಂಗ್ಲಿಷ್ ಪದ. ಹೀಗಾಗಿ ನಮ್ಮ ಜನ ಏನು ಮಾಡುತ್ತಾರೆ ಗೊತ್ತಾ? ತೋಟಾ ಪೆಟ್ಟಿಗೆ ಕಂಡು ಓಡುತ್ತಾರೆ, ಜಿಲೆಟಿನ್ ಲಾರಿಗೆ ಒರಗಿಕೊಂಡು ಬೀಡಿ ಹಚ್ಚುತ್ತಾರೆ.

"ಚಿತ್ರ ಇದೆಯಲ್ಲ, ಓದು ಬರದವನಿಗೂ ತಿಳಿಯುತ್ತೆ" ಎಂದು ವಾದ ಮಾಡುವ ಬುದ್ಧಿವಂತರು ಇದ್ದಾರೆ. ಕೇಳಿ. ಸಿಡಿಯುವ ಬಾಂಬಿನ ಚಿತ್ರ ಇರುವುದು 1.1, 1.2, 1.3ಕ್ಕೆ ಮಾತ್ರ. 1.4ರ ಚೌಕದಲ್ಲಿ ಚಿತ್ರವೇ ಇಲ್ಲ, ಬರೀ ಅಂಕಿ. ತಮಾಷೆ ಇಲ್ಲಿಗೆ ಮುಗಿಯಲಿಲ್ಲ. ನಮ್ಮ ದೇಶದ ಸ್ಫೋಟಕ ನಿಯಮಗಳಲ್ಲಿ ಮದ್ದುಗುಂಡು 6ನೇ ವರ್ಗ, ಪಟಾಕಿ 7ನೇ ವರ್ಗ. ಲಾರಿಯ ಮೇಲೆ ಬರೆಯುವ ವಿಶ್ವಸಂಸ್ಥೆಯ ವರ್ಗದಲ್ಲಿ 6 ಅಂದರೆ ವಿಷ, 7 ಅಂದರೆ ವಿಕಿರಣ! ಪೆಟ್ಟಿಗೆಯೊಳಗಿನ ಕಾಗದದಲ್ಲಿ ಒಂದು ಅಂಕಿ, ಹೊರಗೆ ಇನ್ನೊಂದು ಅಂಕಿ. ಓದಿದವನೇ ತಬ್ಬಿಬ್ಬಾಗುವ ಈ ಅಂಕಿಯಾಟವನ್ನು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಬಿಡಿಸಿ ಹೇಳುವವರು ಯಾರು? ಕನ್ನಡದ ಒಂದು ಪದ ಇದ್ದಿದ್ದರೆ ಅಂಕಿಯ ಗೊಡವೆ ಬೇಕಿರಲಿಲ್ಲ.

ಪೆಟ್ರೋಲ್ ಟ್ಯಾಂಕರಿನ ಮೇಲೆ "3ವೈಇ" ಎಂಬ ಗುರುತು ನೋಡಿರುತ್ತೀರಿ. ಇಂಗ್ಲೆಂಡಿನ ಅಗ್ನಿಶಾಮಕದವರು ಮಾಡಿಕೊಂಡ ಗುಟ್ಟಿನ ಲಿಪಿ ಅದು. 3 ಅಂದರೆ ನೊರೆ ಹಾಕಿ ಆರಿಸಿ. ಕೊನೆಯ "ಇ" ಅಂದರೆ ಸುತ್ತಲಿನ ಜನರನ್ನು ಖಾಲಿ ಮಾಡಿಸುವುದನ್ನು ಯೋಚಿಸಿ. ಖಾಲಿ ಮಾಡಬೇಕಾದ ಜನ ನಾವು. ನಮಗೇ ಗೊತ್ತಿಲ್ಲದ ಅಕ್ಷರದಲ್ಲಿ ನಮ್ಮ ಪ್ರಾಣದ ಮಾತು! ಜೊತೆಗೆ "ಇನ್‌ಫ್ಲೇಮಬಲ್" ಎಂಬ ಪದ. ಇಂಗ್ಲಿಷ್ ಬಲ್ಲವರಲ್ಲೇ ಕೆಲವರು ಅದನ್ನು "ಬೆಂಕಿ ಹೊತ್ತದ್ದು" ಎಂದು ತಿಳಿಯುತ್ತಾರೆ ಎಂದು ಹೊರದೇಶಗಳಲ್ಲಿ ಮೊದಲ ಎರಡಕ್ಷರ ಕತ್ತರಿಸಿಹಾಕಿ "ಫ್ಲೇಮಬಲ್" ಎಂದು ಬರೆಯುತ್ತಾರೆ. ನಮ್ಮವರು ಮಾತ್ರ ಬ್ರಿಟಿಷರು ಬಿಟ್ಟುಹೋದ ಚಪ್ಪಲಿಯನ್ನು ಇನ್ನೂ ಒರೆಸುತ್ತಿದ್ದಾರೆ.

ಸತ್ತವರ ಲೆಕ್ಕ

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು ಕಲ್ಲುಕ್ವಾರಿಯಲ್ಲಿ ಸಿಡಿಮದ್ದು ತುಂಬಿದ ಲಾರಿ ಸ್ಫೋಟಿಸಿತು. ಪಕ್ಕದ ಜಿಲ್ಲೆಗಳಲ್ಲೂ ಭೂಕಂಪವಾಯಿತೆಂದು ಜನ ಮನೆಯಿಂದ ಹೊರಗೋಡಿ ಬಂದರು. ಒಂದು ತಿಂಗಳು ಕಳೆದಿತ್ತಷ್ಟೇ, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಜನ ಹೋದರು. ಬೋರ್ಡಿನಲ್ಲಿ ಕನ್ನಡ ಇದ್ದಿದ್ದರೆ ಆ ಜೀವಗಳು ಉಳಿಯುತ್ತಿದ್ದವು ಎಂದು ನಾನು ಹೇಳುವುದಿಲ್ಲ. ಅದರ ಹಿಂದೆ ಬೇರೆ ಪಾಪಗಳಿದ್ದವು. ಆದರೆ ಆ ಲಾರಿ ಆಕಾಶದಿಂದ ಇಳಿದು ಬಂದದ್ದಲ್ಲ. ರಸ್ತೆಯಲ್ಲಿ ಬಂತು, ಊರುಗಳನ್ನು ಹಾದು ಬಂತು, ಟೀ ಅಂಗಡಿಗಳ ಮುಂದೆ ಹಾದು ಬಂತು. ಅದರೊಳಗೆ ಏನಿದೆ ಎಂದು ಕೇಳುವ, ಅನುಮಾನಪಟ್ಟು ಪೊಲೀಸರಿಗೆ ಒಂದು ಫೋನು ಮಾಡುವ ಹಕ್ಕು ದಾರಿಯುದ್ದದ ಕನ್ನಡಿಗನಿಗೆ ಇರಬೇಡವೇ? ಕನ್ನಡದಲ್ಲಿ ಬೋರ್ಡು ಇರುವುದೇ ವಾಡಿಕೆ ಆಗಿಬಿಟ್ಟರೆ, ಬೋರ್ಡಿಲ್ಲದೆ ಟಾರ್ಪಾಲು ಮುಚ್ಚಿಕೊಂಡು ಬರುವ ಕಳ್ಳಲಾರಿ ತಾನೇ ಕಣ್ಣಿಗೆ ಬೀಳುತ್ತದೆ.

2012ರ ಆಗಸ್ಟ್ 27ರಂದು ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿ 20 ಜನ ಸತ್ತರು. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅದೇ ಕಥೆ. ರಸ್ತೆ ಬದಿಯ ಮನೆಗಳಲ್ಲಿ ಇದ್ದವರು ಇದ್ದಲ್ಲೇ ಬೆಂದುಹೋದರು. ಗ್ಯಾಸ್ ಸೋರಿದ ಮೇಲೆ ಸಿಗುವುದು ಕೆಲವೇ ನಿಮಿಷ. ಒಲೆ ಆರಿಸು, ಸ್ವಿಚ್ಚು ಮುಟ್ಟಬೇಡ, ಬೈಕು ಸ್ಟಾರ್ಟ್ ಮಾಡಬೇಡ, ಗಾಳಿ ಬೀಸುವ ಎದುರು ದಿಕ್ಕಿಗೆ ನಡೆ. ಈ ನಾಲ್ಕು ಮಾತು ಆ ಹೊತ್ತಿನಲ್ಲಿ ಯಾವ ಭಾಷೆಯಲ್ಲಿ ಬೇಕು? ನಿಘಂಟು ತೆಗೆದು ನೋಡಲು ಪುರುಸೊತ್ತು ಇರುತ್ತದೆಯೇ?

ಯೂರೋಪಿನ ರಸ್ತೆ ಒಪ್ಪಂದದಲ್ಲಿ ಒಂದು ಮಾತಿದೆ. ಅಪಘಾತದಲ್ಲಿ ಏನು ಮಾಡಬೇಕೆಂಬ ಲಿಖಿತ ಸೂಚನೆ ಲಾರಿಯ ಪ್ರತಿಯೊಬ್ಬ ಸಿಬ್ಬಂದಿಗೂ ಓದಿ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಪೋಲೆಂಡಿನವನು ಓಡಿಸಿದರೆ ಪೋಲಿಷ್ ಭಾಷೆ. ಅಲ್ಲಿ ಮನುಷ್ಯನಿಗೆ ತಕ್ಕಂತೆ ಭಾಷೆ. ಇಲ್ಲಿ?

ನೆಪಗಳು ಸಾಲಾಗಿ ಬರುತ್ತವೆ. ಮದ್ದುಗುಂಡು ಎಂದು ಕನ್ನಡದಲ್ಲಿ ಬರೆದರೆ ಕಳ್ಳರಿಗೆ ಗೊತ್ತಾಗುತ್ತದಂತೆ, ಭದ್ರತೆಯ ಪ್ರಶ್ನೆಯಂತೆ. ಇಂಗ್ಲಿಷಿನಲ್ಲಿ ಬರೆದರೆ ಕಳ್ಳನಿಗೆ ಗೊತ್ತಾಗುವುದಿಲ್ಲವೇ? ಪೊಲೀಸರ, ಸೈನ್ಯದ ಮದ್ದುಗುಂಡಿನ ಮಾತು ಬೇರೆ. ಅದಕ್ಕೆ ಕಾವಲು ಇರುತ್ತದೆ, ಬೋರ್ಡೇ ಬೇಡವೆಂದರೂ ನಾನು ಒಪ್ಪುತ್ತೇನೆ. ಆದರೆ ಬೋರ್ಡು ಹಾಕುವುದು ಎಂದಾದ ಮೇಲೆ ಇಂಗ್ಲಿಷನ್ನು ಗುಟ್ಟೆಂದು ತಿಳಿಯುವುದು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಬುದ್ಧಿ.

ಲಾರಿ ನಾಲ್ಕು ರಾಜ್ಯ ದಾಟುತ್ತದೆ, ಎಷ್ಟು ಭಾಷೆ ಬರೆಯುವುದು ಎಂಬುದು ಇನ್ನೊಂದು. ಇದಕ್ಕೆ ಮುದ್ರಕನಾಗಿ ಉತ್ತರ ಕೊಡುತ್ತೇನೆ. ಮಾಲು ಬದಲಾದಂತೆ ಈಗಲೂ ಬೋರ್ಡಿನ ಹೆಸರು, ಅಂಕಿ ಬದಲಾಯಿಸಲೇಬೇಕು. ಅದಕ್ಕೆಂದೇ ತಗಡಿನ ಚೌಕಟ್ಟು, ಅದರೊಳಗೆ ಜಾರಿಸುವ ಹಲಗೆ ಇಟ್ಟುಕೊಂಡವರಿದ್ದಾರೆ. ಅದೇ ಚೌಕಟ್ಟಿನ ಕೆಳಗೆ ಇನ್ನೊಂದು ಪಟ್ಟಿ. ಕರ್ನಾಟಕದಲ್ಲಿ ಕನ್ನಡದ ಪಟ್ಟಿ, ತಮಿಳುನಾಡಿನಲ್ಲಿ ತಮಿಳಿನದು. ಮಂಗಳೂರಿನಿಂದ ಕೇರಳಕ್ಕೆ ಹೋಗುವ ಗ್ಯಾಸ್ ಟ್ಯಾಂಕರು ಮಂಜೇಶ್ವರ, ಕಾಸರಗೋಡು ದಾಟುವವರೆಗೆ ಎರಡೂ ಇರಲಿ, ಅಲ್ಲಿಯೂ ನಮ್ಮವರಿದ್ದಾರೆ. ಮೂರು ಪಟ್ಟಿಯ ಖರ್ಚು ಲಾರಿಯ ಒಂದು ದಿನದ ಡೀಸೆಲಿನ ಮುಂದೆ ಏನೂ ಅಲ್ಲ.

ಇಂಗ್ಲಿಷ್ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ, ಗಮನಿಸಿ. ಪಂಜಾಬಿನ ಡ್ರೈವರನಿಗೆ, ಅಗ್ನಿಶಾಮಕದ ಅಧಿಕಾರಿಗೆ ಅದು ಬೇಕು. ಅದರ ಕೆಳಗೆ ನಮ್ಮದೂ ಇರಲಿ ಎಂದಷ್ಟೇ.

ಆದರೆ ಯಾವ ಕನ್ನಡ? ಇಲ್ಲಿ ನನಗೆ ನಮ್ಮ ಸರ್ಕಾರಿ ಅನುವಾದಕರ ಭಯ ದಿಲ್ಲಿಯವರಿಗಿಂತ ಹೆಚ್ಚು. ಬಿಟ್ಟರೆ "ಲಘು ಶಸ್ತ್ರಾಸ್ತ್ರ ಯುದ್ಧೋಪಕರಣ ಸಾಗಾಣಿಕಾ ವಾಹನ" ಎಂದು ಬರೆದುಬಿಡುತ್ತಾರೆ. ಓದಿ ಮುಗಿಸುವುದರೊಳಗೆ ಲಾರಿ ಸಿಡಿದಿರುತ್ತದೆ. "ಮದ್ದುಗುಂಡು". ಸಾಕು. "ಸಿಡಿಮದ್ದು – ಊರು ಬಿಟ್ಟು ದೂರ ಹೋಗಿ". ಸಾಕು. ಅಕ್ಷರದ ಅಳತೆಯಲ್ಲೂ ಒಂದು ಮಾತು. 50 ಮಿಲಿಮೀಟರ್ ಎಂಬುದು ಇಂಗ್ಲಿಷಿನ ದೊಡ್ಡಕ್ಷರ ನೋಡಿ ಮಾಡಿದ ಲೆಕ್ಕ. ಅದಕ್ಕೆ ಒತ್ತಿಲ್ಲ, ದೀರ್ಘವಿಲ್ಲ. ನಮ್ಮ "ಮದ್ದು" ಬರೆಯುವಾಗ ತಲೆಕಟ್ಟಿನಿಂದ ಒತ್ತಿನ ಬುಡದವರೆಗೆ ಅಳೆದು 50 ಎಂದರೆ ಮೂಲ ಅಕ್ಷರ ಕುಗ್ಗಿ, ದೂರದಿಂದ ಕಾಣುವುದಿಲ್ಲ. ಒತ್ತು ಬಿಟ್ಟು ಮೂಲ ಅಕ್ಷರವೇ 50 ಇರಬೇಕೆಂದು ನಿಯಮದಲ್ಲಿ ಬರೆಸಬೇಕು. ಇದು ಮೊಳೆ ಜೋಡಿಸಿದವರಿಗೆ ಗೊತ್ತಾಗುವ ಸಂಗತಿ, ಕಾನೂನು ಪದವೀಧರರಿಗಲ್ಲ.

ನಮ್ಮ ರಾಜ್ಯದವರನ್ನು ಕೇಳಿದರೆ ಕೈ ತೋರಿಸುವುದು ದಿಲ್ಲಿಯ ಕಡೆಗೆ. ಮದ್ದುಗುಂಡು, ಸ್ಫೋಟಕ ಕೇಂದ್ರಪಟ್ಟಿಯ 5ನೇ ವಿಷಯ. ಸ್ಫೋಟಕ ಸುರಕ್ಷತೆಯ ಕಚೇರಿಯ ತಲೆ ಇರುವುದು ನಾಗಪುರದಲ್ಲಿ. ಅಪಾಯದ ಸರಕಿನ ನಿಯಮ ಕೇಂದ್ರ ಸಾರಿಗೆ ಸಚಿವಾಲಯದ್ದು. ನಿಜ. ಆದರೆ ಸ್ಫೋಟಕ ದಾಸ್ತಾನಿನ ಲೈಸೆನ್ಸಿಗೆ ನಿರಾಕ್ಷೇಪಣಾ ಪತ್ರ ಕೊಡುವ ಜಿಲ್ಲಾಧಿಕಾರಿ ಯಾರ ನೌಕರ? ಕ್ವಾರಿಗೆ ಗುತ್ತಿಗೆ ಕೊಡುವವರು ಯಾರು? ರಸ್ತೆ, ನಾಲೆ ಕಾಮಗಾರಿಯ ಟೆಂಡರು ಕರೆಯುವವರು ಯಾರು? "ನಿನ್ನ ಮಾಲಿನ ಗಾಡಿಗೆ ಕನ್ನಡ ಫಲಕ ಇರತಕ್ಕದ್ದು" ಎಂದು ಆ ಷರತ್ತುಗಳಲ್ಲಿ ಒಂದು ಸಾಲು ಸೇರಿಸಲು ದಿಲ್ಲಿಯ ಅಪ್ಪಣೆ ಬೇಕೇ? 134ನೇ ನಿಯಮ ಕನ್ನಡವನ್ನು ಕಡ್ಡಾಯ ಮಾಡಿಲ್ಲ, ಬೇಡ ಎಂದೂ ಹೇಳಿಲ್ಲ. ಬಾಯಲ್ಲಿ ಕಡುಬು ತುರುಕಿಕೊಂಡು ಕೂತ ನಮ್ಮ ಶಾಸಕರು, ಸಂಸದರಿಗೆ ಇದನ್ನು ಹೇಳುವವರು ನೀವೇ.

ಒಂದು ಎಚ್ಚರಿಕೆ, ಅಣ್ಣನ ಮಾತೆಂದು ಕೇಳಿ. ಅಂಗಡಿ ಬೋರ್ಡಿಗೆ ಮಸಿ ಬಳಿದ ಹುರುಪಿನಲ್ಲಿ ಈ ಲಾರಿಗಳ ಬೋರ್ಡಿಗೆ ಕೈ ಹಾಕಬೇಡಿ. ಅದರ ಮೇಲಿನ ಒಂದು ಅಂಕಿ ಅಳಿಸಿದರೂ ನಾಳೆ ಬೆಂಕಿ ಆರಿಸಲು ಬಂದವನ ಪ್ರಾಣ ಹೋಗಬಹುದು. ಹೆದ್ದಾರಿಯಲ್ಲಿ ಅಡ್ಡಗಟ್ಟಿ ನಿಲ್ಲಿಸಲೂಬೇಡಿ, ಸಿಡಿಮದ್ದಿನ ಲಾರಿ ಜನರ ನಡುವೆ ನಿಂತಷ್ಟೂ ಅಪಾಯ. ದೂರದಿಂದ ಫೋಟೋ ತೆಗೆಯಿರಿ. ದಿನಾಂಕ, ಜಾಗ ಬರೆದಿಡಿ. ಸಾರಿಗೆ ಆಯುಕ್ತರಿಗೆ, ಜಿಲ್ಲಾಧಿಕಾರಿಗೆ, ಕೇಂದ್ರ ಸಾರಿಗೆ ಸಚಿವಾಲಯಕ್ಕೆ, ನಾಗಪುರಕ್ಕೆ ಒಂದೊಂದು ಪ್ರತಿ ಕಳಿಸಿ. ಕೀಟನಾಶಕ ನಿಯಮದಲ್ಲಿ ಇರುವ ಪ್ರಾದೇಶಿಕ ಭಾಷೆಯ ಸಾಲು 134ನೇ ನಿಯಮದಲ್ಲಿ ಯಾಕಿಲ್ಲ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಕನ್ನಡದಲ್ಲೇ ಕೇಳಿ.

ಕನ್ನಡ ಪಟ್ಟಿಯ ಮಾದರಿಗಳನ್ನು ನಾನು ಮಾಡಿಟ್ಟಿದ್ದೇನೆ: ಮದ್ದುಗುಂಡು, ಸಿಡಿಮದ್ದು, ಪಟಾಕಿ, ಗ್ಯಾಸ್, ಪೆಟ್ರೋಲು, ಆಸಿಡ್. ಮೂಲ ಅಕ್ಷರ 50 ಮಿಲಿಮೀಟರ್, ಬಿಳಿಯ ಮೇಲೆ ಕಪ್ಪು, ಮಳೆಗೆ ಹೋಗದ ಸ್ಟಿಕರ್. ನಿಮ್ಮ ಪೈಕಿ ಲಾರಿ ಇಟ್ಟವರು, ಟ್ಯಾಂಕರ್ ಓಡಿಸುವವರು ಇದ್ದರೆ ಸಂಘದ ಹುಡುಗರ ಕೈಯಲ್ಲಿ ಹೇಳಿ ಕಳಿಸಿ. ಸ್ಟಿಕರ್ ಹಾಳೆಯ ಖರ್ಚು ಕೊಟ್ಟರೆ ಸಾಕು, ಅಚ್ಚಿನ ಕೂಲಿ ಬೇಡ. ಯಾರಾದರೂ ಕೆರೆದು ಹಾಕಿದರೆ ಮತ್ತೆ ಬನ್ನಿ, ಇನ್ನೊಂದು ಹೊಡೆದುಕೊಡುತ್ತೇನೆ.